ಇರುವೆ ಸತ್ತ ಹಾಲು

ಮೊನ್ನೆ ಪಾಂಡವಪುರದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಕೂಸು ನನ್ನ ಸೆರಗಿನ ಮೇಲೆ ಹಾಲು ಕಕ್ಕಿತು. ಆಕೆ ನಾಚಿ ಒರೆಸಲು ಬಂದಳು. ಇರಲಿ ಬಿಡಿ ಎಂದೆ. ಮನೆಗೆ ಬಂದು ಸೀರೆ ನೆನೆಹಾಕುವಾಗಲೂ ಆ ಹುಳಿಹಾಲಿನ ವಾಸನೆ ಇತ್ತು. ಕಿರಂಗೂರಿನಲ್ಲಿ ನಮ್ಮ ಹಿತ್ತಿಲಾಚೆಯ ಮನೆಯಲ್ಲಿದ್ದ ಅಕ್ಕ ನೆನಪಾದರು...

ನಾನಾಗ ಕಿರಂಗೂರಿಗೆ ಸೊಸೆಯಾಗಿ ಬಂದು ಎರಡನೆಯ ವರ್ಷ. ಯಜಮಾನರಿಗೆ ನಾಗಮಂಗಲದಲ್ಲಿ ಮೇಷ್ಟ್ರ ಕೆಲಸ; ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನ ಕೋಣೆಯಲ್ಲಿ ನಾನು, ಎರಡು ತಿಂಗಳ ಮಗಳು. ಕುಡಿದದ್ದನ್ನೆಲ್ಲ ಅವಳು ಕಕ್ಕುತ್ತಿದ್ದಳು, ಆಮೇಲೆ ಬೆನ್ನು ಬಿಲ್ಲಿನಂತೆ ಬಾಗಿಸಿ ಅಳುತ್ತಿದ್ದಳು. ದಿನಚರಿ ಬರೆಯುವುದು ನನಗೆ ಶಾಲೆಯಿಂದಲೂ ಅಭ್ಯಾಸ. ಕಕ್ಕಿದಾಗೊಮ್ಮೆ ಒಂದು ಗೆರೆ ಎಳೆಯುತ್ತಿದ್ದೆ. ಸೋಮವಾರ ಒಂಬತ್ತು, ಮಂಗಳವಾರ ಹನ್ನೊಂದು. ಇದನ್ನು ಹೇಳಿಕೊಳ್ಳಲು ಆ ಮನೆಯಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ.

ಮಗು ಸೊರಗಿದ್ದು ಕಂಡು ಅತ್ತೆ ಬುಧವಾರ ಬೆಳಿಗ್ಗೆ ನನ್ನ ಎದೆಹಾಲಿನ ನಾಲ್ಕು ಹನಿ ಬಟ್ಟಲಿಗೆ ಹಿಂಡಿಸಿ, ಅದರಲ್ಲಿ ಒಂದು ಇರುವೆ ಬಿಟ್ಟರು. ಇರುವೆ ಬದುಕಿ ಹೊರಬಂದರೆ ಹಾಲು ಒಳ್ಳೆಯದು, ಸತ್ತರೆ ಕೆಟ್ಟದ್ದು. ಅವರ ಅತ್ತೆಯೂ ಹಾಗೆಯೇ ನೋಡುತ್ತಿದ್ದರಂತೆ. ಇಬ್ಬರೂ ಬಗ್ಗಿ ನೋಡಿದೆವು. ಇರುವೆ ಸತ್ತಿತು. ಶುಕ್ರವಾರದಿಂದ ಎದೆ ಬಿಡಿಸಿ, ನೀರು ಬೆರೆಸಿದ ಹಸುವಿನ ಹಾಲನ್ನು ಒಳಲೆಯಲ್ಲಿ ಕುಡಿಸುವುದೆಂದು ತೀರ್ಮಾನವಾಯಿತು. ಅತ್ತೆಗೂ ಮೊಮ್ಮಗಳು ಉಳಿಯುತ್ತಾಳೋ ಇಲ್ಲವೋ ಎಂಬ ಭಯವೇ. ಆದರೆ ನನಗೆ... ನನ್ನ ಮೈಯಲ್ಲೇ ವಿಷವಿದೆ ಎಂದು ಕೇಳಿದಂತಾಯಿತು.

ನಮ್ಮ ಹಿತ್ತಿಲ ಬಾವಿಗೆ ನೀರಿಗೆ ಬರುತ್ತಿದ್ದ ಆ ಅಕ್ಕನಿಗೆ ಅಂದೇ ಅತ್ತೆಯೇ ಇದನ್ನು ಹೇಳಿದರು. ಅಕ್ಕನಿಗೆ ಓದುಬರಹ ಬಾರದು. ಕೊಡ ಇಳಿಸದೆಯೇ, "ಇರುವೆನ ಈ ಬಾವಿಗೆ ಬುಟ್ರೂ ಸಾಯ್ತದೆ ಕಣವ್ವೋ. ನಾಳಿಂದ ಬಾವಿ ಮುಚ್ಚಿಸ್ಬುಡ್ತೀರಾ?" ಎಂದರು. ಅತ್ತೆಗೆ ನಗು ಬಂತು. ತೀರ್ಮಾನ ಮಾತ್ರ ಬದಲಾಗಲಿಲ್ಲ.

ಅಕ್ಕ ನನ್ನ ಕೋಣೆಗೆ ಬಂದರು. ಪುಸ್ತಕ ತೆಗೆದು ಗೆರೆಗಳ ಲೆಕ್ಕ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಎಷ್ಟು ಕಿತ ಕಕ್ತು ಅಂತ ಬರ್ದಿದ್ದೀಯೆ. ಎಂಗೆ ಮಲಗ್ಸಿದ್ದಾಗ ಕಕ್ತು ಅಂತ ಬರ್ದಿದ್ದೀಯೇನವ್ವ?" ಎಂದರು.

ಬರೆದಿರಲಿಲ್ಲ. ಹೊಟ್ಟೆ ತುಂಬ ಕುಡಿಸಿದ ಕೂಡಲೇ ತೊಟ್ಟಿಲಿಗೆ ಹಾಕಿ ಜೋರಾಗಿ ತೂಗುವುದು ನಮ್ಮ ಮನೆಯ ರೂಢಿ. ಅಕ್ಕ ಸ್ವಲ್ಪ ಸ್ವಲ್ಪವೇ ಕುಡಿಸಲು ಹೇಳಿದರು. ಕುಡಿಸಿದ ಮೇಲೆ ಹೆಗಲಿಗೆ ನೆಟ್ಟಗೆ ಒರಗಿಸಿಕೊಂಡು ತೇಗುವವರೆಗೆ ಬೆನ್ನು ಸವರಬೇಕು, ಆಮೇಲೂ ಅರ್ಧ ಗಂಟೆ ಇಳಿಸಬಾರದು ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದರು:

"ನನ್ ಹಾಲಲ್ಲೂ ಇರುವೆ ಸತ್ತಿತ್ತು ಕಣವ್ವ. ನಾನು ಕುಡ್ಸದ್ನೇ ನಿಲ್ಲಿಸ್ಬುಟ್ಟೆ."

ಮುಂದೇನಾಯಿತೆಂದು ನಾನು ಕೇಳಲಿಲ್ಲ. ಅವರ ಮನೆಯಲ್ಲಿ ಅವರೊಬ್ಬರೇ ಇದ್ದರು.

ಬುಧವಾರ ಎಂಟು, ಗುರುವಾರ ಐದು. ಶುಕ್ರವಾರ ಬೆಳಿಗ್ಗೆ ಅತ್ತೆ ಒಳಲೆ ತೊಳೆದುಕೊಂಡು ಬಂದಾಗ ಮಗು ನನ್ನ ಹೆಗಲ ಮೇಲೆ ನಿದ್ದೆಹೋಗಿತ್ತು. ಅವರು ನನ್ನ ಸೆರಗು ಮುಟ್ಟಿ ನೋಡಿದರು. ಒಣಗಿತ್ತು. ಒಳಲೆಯನ್ನು ಮತ್ತೆ ಗೂಡಿನಲ್ಲಿಟ್ಟರು.

ಮರುವರ್ಷ ನಾವು ನಾಗಮಂಗಲದಲ್ಲಿ ಮನೆ ಮಾಡಿದೆವು. ಕೆಲವು ವರ್ಷಗಳ ನಂತರ ಊರಿನಿಂದ ಬಂದ ಕಾಗದದ ಕೊನೆಯ ಸಾಲಿನಲ್ಲಿ ಅಕ್ಕ ತೀರಿಕೊಂಡ ಸುದ್ದಿಯಿತ್ತು...

ಮಗಳಿಗೀಗ ಎಂಟು ವರ್ಷ. ಅವಳ ಒಂದೊಂದು ಹಲ್ಲು ಬಿದ್ದ ದಿನವನ್ನೂ ಬರೆದಿಟ್ಟಿದ್ದೇನೆ. ಅಕ್ಕನ ಮಗು ಗಂಡೋ ಹೆಣ್ಣೋ, ಎಷ್ಟು ದಿನ ಬದುಕಿತ್ತೋ, ನನಗೆ ತಿಳಿಯದು. ಈಗ ಅದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ.