ಒಂದೇ ಸಲ ಕೇಳುವವರ ನಡುವೆ ವರದಾಬಾಯಿ

ಪುಣೆಯ ನಿಗಡಿ ಬಡಾವಣೆಯ ವರದಾಬಾಯಿ ಕಟ್ಟಿಯವರು ಧಾರವಾಡ ಬಿಟ್ಟು ಬಂದು ಮೂವತ್ತು ವರ್ಷದ ಮೇಲಾಯಿತು. ಮರಾಠಿ ಅವರಿಗೆ ನೀರು ಕುಡಿದಷ್ಟು ಸಲೀಸು. ತರಕಾರಿಯವನ ಹತ್ತಿರ ಮರಾಠಿಯಲ್ಲೇ ಜಗಳ ತೆಗೆದು, ಗೆದ್ದು, ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕಿಸಿಕೊಂಡು ಬರುವಷ್ಟು ಗಟ್ಟಿಗರು. ಆದರೆ ಪುಣೆಯವರ ಮನೆಯಲ್ಲಿ ಅವರು ಹೊಟ್ಟೆ ತುಂಬ ಉಂಡು ಬಂದದ್ದು ಈವರೆಗೆ ಒಮ್ಮೆಯೂ ಇಲ್ಲ.

ಧಾರವಾಡದ ಕಡೆ ಊಟಕ್ಕೆ ಕೂತವರಿಗೊಂದು ಪದ್ಧತಿ ಇದೆ. "ಇನ್ನೊಂದು ಚಪಾತಿ ಹಾಕ್ಲ್ಯಾ?" ಎಂದ ಕೂಡಲೇ ಹೂಂ ಎನ್ನುವುದು ಹೊಟ್ಟೆಬಾಕರ ಲಕ್ಷಣ. ಮೊದಲ ಸಲದ 'ಬ್ಯಾಡ' ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳಿದಾಗ ಹೇಳುವುದೇ ನಿಜವಾದ ಉತ್ತರ. ಬಡಿಸುವವರಿಗೂ ಇದು ಗೊತ್ತಿರುತ್ತದೆ. ಎಲೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಿಯೇ ಮುಂದೆ ಹೋಗುತ್ತಾರೆ. ಪುಣೆಯವರು ಕೇಳುವುದು ಒಂದೇ ಸಲ. ನೀವು ಬೇಡ ಅಂದಿರೋ, ಪಾತ್ರೆ ಅಡುಗೆಮನೆಗೆ ವಾಪಸು ಹೋಯಿತು. ಅವರದು ಜಿಪುಣತನ ಎಂದು ಯಾರೂ ಅನ್ನಬಾರದು. ಬಂದವರು ಬೇಡ ಎಂದ ಮೇಲೆ ಅವರ ಮಾತಿಗೆ ಬೆಲೆ ಕೊಡುವುದು ಪುಣೆಯವರ ಮರ್ಯಾದೆ. ಈ ಎರಡು ಮರ್ಯಾದೆಗಳ ನಡುವೆ ಸಿಕ್ಕಿಬಿದ್ದ ವರದಾಬಾಯಿ ಎಷ್ಟೋ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗಳಿಂದ ಮನೆಗೆ ಬಂದು, ಅವಲಕ್ಕಿ ಕಲಸಿಕೊಂಡು ತಿಂದು ಮಲಗಿದ್ದಾರೆ.

ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಅವರು ದುಡಿದವರು. ಮದುವೆ ಕೂಡಿಬರಲಿಲ್ಲ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ನಿಗಡಿಗೆ ಕರೆತಂದರು. ಬೆಳಗ್ಗೆ ಕಂಪನಿ ಬಸ್ಸು, ಸಂಜೆ ತಾಯಿಯ ಔಷಧ, ಗಂಜಿ, ಬೆನ್ನಿಗೆ ಎಣ್ಣೆ. ಬೇಸರಪಟ್ಟುಕೊಳ್ಳಲೂ ಪುರುಸೊತ್ತಿರಲಿಲ್ಲ. ಆಮೇಲೆ ಒಂದೇ ವರ್ಷದಲ್ಲಿ ತಾಯಿಯೂ ಹೋದರು, ನೌಕರಿಯೂ ಮುಗಿಯಿತು. ಈಗ ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿದರೂ ಇಡೀ ದಿನ ಹಾಗೇ ಉಳಿದಿರುತ್ತಿತ್ತು. ಇನ್ನು ಮುಂದೆ ತನ್ನ ಬಾಳಿನಲ್ಲಿ ಹೊಸದಾಗಿ ಏನೂ ಆಗುವುದಿಲ್ಲವೇನೋ ಎಂಬ ಹೆದರಿಕೆ ಅವರಿಗೆ ಹತ್ತಿತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಹೇಳದಿದ್ದರೂ ತಿಳಿದುಕೊಂಡವಳು ಅಣ್ಣನ ಮಗಳು ಪೂರ್ವಾ. ಅವಳೂ ಪುಣೆಯಲ್ಲೇ ಕೆಲಸಕ್ಕಿದ್ದಳು. ಒಂದು ಭಾನುವಾರ ಬಂದು, "ಅತ್ಯಾ, ಮುಂಬೈಯಿಂದ ಹಡಗಿನ್ಯಾಗ ಹೋಗಿ ಬರೂಣು ನಡಿ. ಸಮುದ್ರದಾಗ ಊಟ, ಅಲ್ಲೇ ನಿದ್ದಿ" ಅಂದಳು.

"ಬ್ಯಾಡವಾ, ನನಗ್ಯಾತರ ಹಡಗು!"

"ನಡಿ ಅತ್ಯಾ."

"ಏ, ಸುಮ್ನ ಯಾಕ ಖರ್ಚು? ಬ್ಯಾಡ."

ಪೂರ್ವಾ ಮನೆಯ ಹುಡುಗಿ. ಮೂರನೆಯ ಸಲ ಕೇಳಿದಳು. ವರದಾಬಾಯಿ, "ಆತು ತಗೋ, ನೀ ಇಷ್ಟು ಹಟಾ ಹಿಡದ ಮ್ಯಾಲ" ಎಂದು ಉಪಕಾರ ಮಾಡಿದವರಂತೆ ಒಪ್ಪಿಕೊಂಡರು. ಅದೇ ದಿನ ಹೋಗಿ ಹೊಸ ಚಪ್ಪಲಿಯನ್ನೂ ತಂದರು.

ಹೊರಡುವ ಮುನ್ನಾದಿನ ಪೂರ್ವಾಳ ರಜೆ ರದ್ದಾಯಿತು. "ನೀ ಒಬ್ಬಾಕೀನ ಹೋಗು ಅತ್ಯಾ" ಎಂದು ಚೀಲಕ್ಕೆ ಚಕ್ಕುಲಿ, ಉಂಡಿ ತುಂಬಿ ಕಳಿಸಿಕೊಟ್ಟಳು. ಹೀಗೆ ಧಾರವಾಡದ ಹೆಣ್ಣುಮಗಳು ಗುರುತು ಪರಿಚಯದವರು ಒಬ್ಬರೂ ಇಲ್ಲದ ಹಡಗು ಹತ್ತಿದರು.

ಆ ಹಡಗಿನಲ್ಲಿ ರಾತ್ರಿಯ ಊಟಕ್ಕೆ ಎಲ್ಲರಿಗೂ ಒಂದೊಂದು ಮೇಜು ಗೊತ್ತುಮಾಡಿದ್ದರು. ಮೊದಲ ದಿನ ಯಾರ ಜೊತೆ ಕೂತಿರೋ, ಕೊನೆಯ ತನಕ ಅವರ ಜೊತೆಯೇ. ವರದಾಬಾಯಿಯ ಪಾಲಿಗೆ ಬಂದದ್ದು ನಾಲ್ವರ ಮೇಜು. ಎದುರಿಗೆ ಮುನಿಯಮ್ಮ, ಅವರ ಪಕ್ಕಕ್ಕೆ ಮಗ ಮಿಥುನ. ಕೋಲಾರದ ಕಡೆಯವರು, ಮಿಥುನ ಚಾಕಣದ್ದೇ ಇನ್ನೊಂದು ಕಾರ್ಖಾನೆಯಲ್ಲಿ ಇಂಜಿನಿಯರ್, ತಾಯಿಗೆ ಸಮುದ್ರ ತೋರಿಸಲು ಕರೆತಂದಿದ್ದ. ವರದಾಬಾಯಿಯ ಪಕ್ಕದಲ್ಲಿ ಪುಣೆಯ ಹಡಪಸರದ ಚಿತ್ರಾ ಆಪಟೆ, ಬಾಬ್ ಕೂದಲಿನ, ದನಿ ಗಟ್ಟಿಯಾದ ಮರಾಠಿ ಹೆಂಗಸು. ಹೆಂಗಸರ ತಂಡ ಕಟ್ಟಿಕೊಂಡು ಪ್ರವಾಸ ಕರೆದೊಯ್ಯುವುದೇ ಅವರ ಉದ್ಯೋಗ. ತಮ್ಮ ತಂಡವನ್ನು ಹಡಗಿಗೆ ಕರೆತರಬಹುದೋ ಎಂದು ನೋಡಲು ತಾವೊಬ್ಬರೇ ಮೊದಲು ಬಂದಿದ್ದರು. ಕನ್ನಡ ಅವರಿಗೆ ಒಂದಕ್ಷರವೂ ಬಾರದು. ವರದಾಬಾಯಿಯೊಂದಿಗೆ ಅವರ ಮಾತೆಲ್ಲ ಮರಾಠಿಯಲ್ಲೇ, ಕರೆಯುತ್ತಿದ್ದುದೂ ಮರಾಠಿಯವರಂತೆ 'ವರದಾತಾಯಿ', ಅಂದರೆ ವರದಾ ಅಕ್ಕ ಎಂದು.

ಬಡಿಸುವ ಹುಡುಗ ಬಿಸಿ ಪೂರಿ ತಂದ. ವರದಾಬಾಯಿ ನಾಚಿ ಬೇಡ ಅಂದರು. ಪೂರಿ ಹೋಯಿತು. ಪಲಾವು ತಂದ. ಬೇಡ ಅಂದರು. ಅದೂ ಹೋಯಿತು. ಗುಲಾಬ್ ಜಾಮೂನು ಬಂದಾಗ ಅವರ ಕಣ್ಣು ಅದರ ಮೇಲೇ ನೆಟ್ಟಿತ್ತು, ಬಾಯಿ ಮಾತ್ರ ಮತ್ತೆ ಬೇಡ ಅಂದಿತು. ಹುಡುಗ ನಕ್ಕು ನಮಸ್ಕಾರ ಮಾಡಿ ಹೋದ. ಅಷ್ಟು ದೊಡ್ಡ ಹಡಗಿನಲ್ಲಿ, ಅಷ್ಟು ಅಡುಗೆಯ ನಡುವೆ, ವರದಾಬಾಯಿಯ ಹೊಟ್ಟೆ ಚುರುಗುಟ್ಟುತ್ತಿತ್ತು. ಕೋಣೆಗೆ ಹೋಗಿ ಪೂರ್ವಾ ಕೊಟ್ಟ ಚಕ್ಕುಲಿ ಕಡಿದರು.

ಮುನಿಯಮ್ಮನ ಕಣ್ಣು ತಪ್ಪಿಸುವುದು ಸುಲಭವಲ್ಲ. ಮರುದಿನ ಬೆಳಗ್ಗೆ ಹಿಡಿದು ಕೇಳಿದರು. "ಏನ್ರೀ, ರಾತ್ರಿ ಒಂದು ತುತ್ತೂ ತಿನ್ನಲಿಲ್ಲ ನೀವು? ಉಪವಾಸಾನಾ?"

ವರದಾಬಾಯಿ ಸಂಕೋಚದಿಂದ ತಮ್ಮ ಕಡೆಯ ಪದ್ಧತಿ ಬಿಡಿಸಿ ಹೇಳಿದರು. ಮುನಿಯಮ್ಮ ಬಿದ್ದು ಬಿದ್ದು ನಕ್ಕರು. "ಅಯ್ಯೋ ನಿಮ್ಮ! ಬೇಕಾದ್ರೆ ಬೇಕು ಅನ್ನೋದಲ್ವಾ? ಆ ಹುಡುಗ ನಿಮ್ಮ ಚಿಕ್ಕಮ್ಮನ ಮಗಾನಾ, ಕೈ ಸರಿಸಿ ಬಡಿಸೋಕೆ?"

ಆ ರಾತ್ರಿಯಿಂದ ಮುನಿಯಮ್ಮನೇ ಮೇಲ್ವಿಚಾರಣೆ ವಹಿಸಿಕೊಂಡರು. ವರದಾಬಾಯಿ ಬೇಡ ಎನ್ನುವ ಮೊದಲೇ, ಹುಡುಗನಿಗೆ ಗೊತ್ತಾಗುತ್ತೋ ಇಲ್ಲವೋ, "ಹಾಕಪ್ಪಾ, ಹಾಕು" ಎಂದು ತಟ್ಟೆ ತೋರಿಸುತ್ತಿದ್ದರು. ಹೊಟ್ಟೆ ತುಂಬಿದ ವರದಾಬಾಯಿಗೆ ಮಾತು ಬಂತು. ಬದಾಮಿಯಲ್ಲಿ ಸೋದರಮಾವನ ಮನೆಯಿತ್ತು, ಬೇಸಿಗೆ ರಜೆಯೆಲ್ಲ ಅಲ್ಲೇ. ಗುಹೆಯ ಮೆಟ್ಟಿಲಲ್ಲಿ ಕೋತಿಯೊಂದು ಅತ್ತೆಯ ಕೈಯಿಂದ ಬನಶಂಕರಿಯ ಪ್ರಸಾದ ಕಿತ್ತುಕೊಂಡದ್ದು, ಅತ್ತೆ ಕೋತಿಗೆ ಕೈ ಮುಗಿದು "ಅರ್ಧಾ ಆದ್ರೂ ಕೊಡಪಾ" ಎಂದು ಬೇಡಿಕೊಂಡದ್ದು, ಎಲ್ಲವನ್ನೂ ಮರಾಠಿಯಲ್ಲಿ ಹೇಳುತ್ತ, ಅತ್ತೆಯ ಮಾತು ಬಂದಾಗ ಕನ್ನಡಕ್ಕೆ ಹೊರಳುತ್ತ, ಕೋತಿಯ ಮೋರೆಯನ್ನೂ ಮಾಡಿ ತೋರಿಸಿದರು. ಮಿಥುನ ನೀರು ಗಂಟಲಿಗೆ ಸಿಕ್ಕಿ ಕೆಮ್ಮಿದ. ಚಿತ್ರಾ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಕ್ಕಪಕ್ಕದ ಮೇಜಿನವರೂ ತಿರುಗಿ ನೋಡಿದರು. ತಾನೂ ನಾಲ್ಕು ಜನರನ್ನು ಹೀಗೆ ನಗಿಸಬಲ್ಲೆ ಎಂಬುದು ವರದಾಬಾಯಿಗೆ ಮರೆತೇ ಹೋಗಿತ್ತು.

ಕೊನೆಯ ರಾತ್ರಿಯ ಊಟದಲ್ಲಿ ಚಿತ್ರಾ ಚಮಚ ಕೆಳಗಿಟ್ಟು ನೇರವಾಗಿ ವಿಷಯಕ್ಕೆ ಬಂದರು. "ವರದಾತಾಯಿ, ನಾನು ವರ್ಷವೂ ಹೆಂಗಸರನ್ನು ಬದಾಮಿ, ಐಹೊಳೆ, ಹಂಪಿಗೆ ಕರೆದುಕೊಂಡು ಹೋಗುತ್ತೇನೆ. ಆ ಕಡೆಯ ಮಾತು ಬಲ್ಲವರು, ಬಸ್ಸಿನಲ್ಲಿ ಹೀಗೆ ಕತೆ ಹೇಳುವವರು ನನಗೆ ಬೇಕು. ಒಂದು ಸಲಕ್ಕಲ್ಲ, ಕಾಯಂ ಆಗಿ. ನನ್ನ ಜೊತೆ ಕೆಲಸಕ್ಕೆ ಬರುತ್ತೀರಾ?"

ವರದಾಬಾಯಿಗೆ ಎದೆ ತುಂಬಿ ಬಂತು. ಬಸ್ಸು, ಊರು, ಮಂದಿ, ನಗು. ಅವರು ಇಷ್ಟು ದಿನ ಹೆಸರಿಡಲಾರದೆ ಹಂಬಲಿಸುತ್ತಿದ್ದದ್ದು ಇದೇ. ಆದರೆ ಬಾಯಿ ಯಾವಾಗಲೂ ಮನಸ್ಸಿಗಿಂತ ಚುರುಕು. "ಛೇ, ಬ್ಯಾಡ ಬಿಡ್ರಿ. ನನ್ನಂಥಾಕಿ ಕಡಿಂದ ಅದೆಲ್ಲಾ ಎಲ್ಲಿ ಆಗತದ!" ಎಂದು ಮರಾಠಿಯಲ್ಲಿ ಅಂದೇಬಿಟ್ಟಿತು.

"ಬರಂ" ಎಂದರು ಚಿತ್ರಾ. ಸರಿ ಎಂದು ಅದರರ್ಥ. ತಲೆಯಾಡಿಸಿ, ಹುಡುಗನನ್ನು ಕರೆದು ಐಸ್ಕ್ರೀಮ್ ಯಾವುದಿದೆ ಎಂದು ವಿಚಾರಿಸತೊಡಗಿದರು.

ಮಾತೇನು ನಡೆಯಿತೆಂದು ಮಿಥುನ ಪಿಸುಗುಟ್ಟಿ ತಿಳಿಸಿದ್ದೇ ತಡ, ಮುನಿಯಮ್ಮ ಮೇಜಿನ ಮೇಲೆ ಬಾಗಿ ಕನ್ನಡದಲ್ಲಿ ತರಾಟೆಗೆ ತೆಗೆದುಕೊಂಡರು. "ಯಾಕ್ರೀ ಬೇಡ ಅಂದ್ರಿ? ಮುಖ ನೋಡಿದ್ರೆ ಬೇಕು ಅಂತ ಕುಣೀತಾ ಇದೆ!"

"ತಡೀರಿ, ಇನ್ನೊಮ್ಮೆ ಕೇಳ್ತಾರ."

"ಅವರು ಪುಣೆಯವರು ಕಣ್ರೀ. ನೀವೇ ಹೇಳಿದ್ರಲ್ಲ!"

ವರದಾಬಾಯಿ ಐಸ್ಕ್ರೀಮ್ ಕರಗುವ ತನಕ ಕಾದರು. ಬೆಳಗಿನ ಚಹಾಕ್ಕೆ ಕಾದರು. ಮುಂಬೈಯಲ್ಲಿ ಇಳಿಯುವಾಗ ಬೇಕೆಂದೇ ಚಿತ್ರಾ ಪಕ್ಕದಲ್ಲೇ ನಿಂತರು. ಪುಣೆಯ ಬಸ್ಸಿನಲ್ಲೂ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಚಿತ್ರಾ ಬಸ್ಸು ಘಟ್ಟ ಏರುವ ಮೊದಲೇ ಕುತ್ತಿಗೆ ವಾಲಿಸಿ ನಿದ್ದೆ ಹೋದರು. ನಿಗಡಿ ಬಂದಾಗ ಕಣ್ಣುಜ್ಜಿಕೊಂಡು, "ಸಿಗೋಣ ವರದಾತಾಯಿ" ಎಂದು ಕೈ ಬೀಸಿದರು. ಬಸ್ಸು ಹೊರಟಿತು. ರಸ್ತೆಯ ಬದಿಯಲ್ಲಿ ಚೀಲ ಹಿಡಿದು ನಿಂತ ವರದಾಬಾಯಿಗೆ ತನ್ನ ನಾಲಿಗೆಯ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಆಮೇಲೆ ಶುರುವಾಯಿತು ಹಳಹಳಿ. ಫೋನು ಗುಂಯ್ಗುಟ್ಟಿದರೆ ಓಡಿ ಹೋಗಿ ನೋಡುವುದು. ಚಿತ್ರಾರಿಂದ ಬರುತ್ತಿದ್ದುದು ಹೂವಿನ ಚಿತ್ರದ ಶುಭೋದಯ ಮಾತ್ರ, ಅದೂ ಊರಿಗೆಲ್ಲ ಕಳಿಸಿದ್ದು. ಮುನಿಯಮ್ಮ ಎರಡು ದಿನಕ್ಕೊಮ್ಮೆ ಫೋನು ಮಾಡಿ, "ಹೋದ್ರಾ? ಕೇಳಿದ್ರಾ?" ಎಂದು ಜೀವ ತಿನ್ನುತ್ತಿದ್ದರು.

"ನಾನಾಗೇ ಹೋಗಿ ಹ್ಯಾಂಗ ಕೇಳ್ಲಿ, ಮುನಿಯಮ್ಮನೋರ? ಊಟಕ್ಕ ಕೂತಾಕಿ ಎದ್ದು ಅಡಗೀಮನಿಗೆ ಹೋಗಿ ಬಡಿಸ್ಕೊಂಡ್ಹಂಗ ಆಗತದ."

"ಬಡಿಸ್ಕೊಳ್ರೀ! ಹಸಿವಾಗಿರೋದು ನಿಮಗೆ ತಾನೇ?"

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಅಷ್ಟರಲ್ಲಿ ಚಿತ್ರಾ ಊರಿಗೆಲ್ಲ ಕಳಿಸಿದ ಇನ್ನೊಂದು ಸಂದೇಶ ಬಂತು. ಬದಾಮಿ ಪ್ರವಾಸ ನಿಗದಿಯಾಗಿದೆ, ಕನ್ನಡ ಬಲ್ಲ ಜೊತೆಗಾರರು ಬೇಕಾಗಿದ್ದಾರೆ, ಪರಿಚಯದವರಿದ್ದರೆ ತಿಳಿಸಿ ಎಂದು ಬರೆದಿತ್ತು. ವರದಾಬಾಯಿ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆ ಜಾಗ ಇನ್ನೂ ಖಾಲಿಯಿದೆ. ಇವತ್ತೋ ನಾಳೆಯೋ ಯಾರೋ ಒಬ್ಬಳು ಕೇಳಿದ ಕೂಡಲೇ ಹೂಂ ಅಂದುಬಿಡುತ್ತಾಳೆ. ತನ್ನ ಬದಾಮಿಯ ಮೆಟ್ಟಿಲನ್ನು ಬೇರೆ ಯಾರೋ ಹತ್ತಿಸುತ್ತಾಳೆ. ಮರುದಿನ ಬೆಳಗ್ಗೆ ಇಳಕಲ್ ಸೀರೆ ಉಟ್ಟು, ಚಿತ್ರಾ ಹಡಗಿನಲ್ಲಿ ಕೊಟ್ಟಿದ್ದ ವಿಳಾಸ ಹಿಡಿದು, ಪೂರ್ವಾಳಿಗೂ ಹೇಳದೆ ಬಸ್ಸು ಹತ್ತಿದರು.

ನಿಗಡಿಯಿಂದ ಹಡಪಸರವೆಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ದಾರಿಯಲ್ಲಿ ಎಷ್ಟು ಸ್ಟಾಪುಗಳಿವೆಯೋ ಅಷ್ಟು ಸಲ ಅವರಿಗೆ ಇಳಿದು ವಾಪಸು ಹೋಗಿಬಿಡುವ ಮನಸ್ಸಾಯಿತು. ಹಡಪಸರಕ್ಕೆ ಮುಂಚೆ ಸಿಗುವ ಮಗರಪಟ್ಟಾದ ಹತ್ತಿರ ವಾಹನಗಳು ಒಂದಕ್ಕೊಂದು ಅಂಟಿ ನಿಂತವು. ಬಸ್ಸು ಮುಂದೂ ಹೋಗದು, ಹಿಂದೂ ಹೋಗದು. ಇಳಿದು ಉಳಿದ ದಾರಿಯನ್ನು ನಡೆದೇ ಹೋದರು. ಹೊಸ ಚಪ್ಪಲಿ ಹಿಮ್ಮಡಿಯನ್ನು ಕಚ್ಚಿತು.

ಬಾಗಿಲು ತೆರೆದ ಚಿತ್ರಾಗೆ ಆಶ್ಚರ್ಯ. "ಅರೇ, ವರದಾತಾಯಿ! ಇಷ್ಟು ದೂರ? ಬನ್ನಿ, ಬನ್ನಿ. ಚಹಾ ಕುಡಿಯುತ್ತೀರಾ?"

"ಬ್ಯಾಡ್ರಿ, ಈಗ ಕುಡದೇ ಬಂದೇನಿ."

ಚಿತ್ರಾ ಸರಿ ಎಂದು ಎದುರಿನ ಕುರ್ಚಿಯಲ್ಲಿ ಕೂತರು. ಬಿಸಿಲಲ್ಲಿ ನಡೆದು ಬಂದ ವರದಾಬಾಯಿಯ ಗಂಟಲು ಒಣಗಿತ್ತು. ತನ್ನ ಬಾಯಿ ಇಲ್ಲಿಗೂ ತನಗಿಂತ ಮುಂಚೆ ಬಂದು ಕೂತಿದೆ ಎಂದು ಅವರಿಗೆ ಗೊತ್ತಾಯಿತು. ಇನ್ನು ತಡಮಾಡಿದರೆ ಕೆಲಸ ಕೆಟ್ಟಿತು ಎಂದುಕೊಂಡು, ಸೆರಗು ಬಿಗಿಹಿಡಿದು, ನೆಲ ನೋಡುತ್ತ ಒಂದೇ ಉಸಿರಿಗೆ ಮರಾಠಿಯಲ್ಲಿ ಹೇಳತೊಡಗಿದರು.

"ಹಡಗಿನ್ಯಾಗ ನೀವು ಕೆಲಸಕ್ಕ ಕರದ್ರಿ, ನಾ ಬ್ಯಾಡ ಅಂದೆ. ಅದು ಬ್ಯಾಡ ಅಲ್ರಿ. ನಮ್ಮ ಕಡೆ ಮೊದಲಿನ ಬ್ಯಾಡ ಲೆಕ್ಕಕ್ಕಿಲ್ಲ. ಎರಡನೇದೂ ಇಲ್ಲ. ನೀವು ಮತ್ತ ಕೇಳ್ತೀರಿ ಅಂತ ಅವತ್ತಿನಿಂದ ಹಾದಿ ಕಾಯ್ಕೋತ ಕೂತೇನಿ."

ಚಿತ್ರಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರ ಗಟ್ಟಿ ದನಿ ತಗ್ಗಿತು. "ಆ ಬಸ್ಸಿನಲ್ಲಿ ನನಗೆಲ್ಲಿ ನಿದ್ದೆ ಬಂದಿತ್ತು ವರದಾತಾಯಿ? ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೇ. ದೊಡ್ಡ ಆಫೀಸಿನಲ್ಲಿ ಕೆಲಸ ಮಾಡಿದವರನ್ನು ಬಸ್ಸಿನಲ್ಲಿ ಕತೆ ಹೇಳಲು ಕರೆದೆನಲ್ಲ, ನಿಮಗೆ ಅವಮಾನವಾಯಿತೇನೋ ಎಂದು ಒದ್ದಾಡಿದೆ. ಮತ್ತೆ ಕೇಳಿದರೆ ಇನ್ನೂ ಬೇಜಾರಾಗುತ್ತೀರಿ ಅಂತ ಬಾಯಿ ಕಟ್ಟಿಕೊಂಡೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಚಿತ್ರಾ. ವರದಾಬಾಯಿಯ ಕಣ್ಣಲ್ಲಿ ನೀರಿತ್ತು, ಆದರೂ ನಗು ತಡೆಯಲಾಗಲಿಲ್ಲ. ಚಿತ್ರಾ ಎದ್ದು ನಿಂತು, ಬಾಬ್ ಕೂದಲನ್ನು ಕಿವಿಯ ಹಿಂದೆ ಸರಿಸಿ, ಸಭೆಯ ಮುಂದೆ ಮಾತಾಡುವವರಂತೆ ಗಂಟಲು ಸರಿಮಾಡಿಕೊಂಡರು.

"ಹಾಗಾದರೆ ನಿಮ್ಮ ಪದ್ಧತಿಯಂತೆಯೇ ಆಗಲಿ. ಮತ್ತೆ ಕೇಳುತ್ತೇನೆ. ವರದಾತಾಯಿ, ನೀವು ನನ್ನ ಜೊತೆ—"

"ಕೇಳಬ್ಯಾಡ್ರಿ!" ವರದಾಬಾಯಿ ಥಟ್ಟನೆ ಎದ್ದು ಅವರ ಕೈ ಹಿಡಿದುಕೊಂಡರು. "ನಾ ಬರ್ತೀನಿ. ನೀವು ಕೇಳಿದ್ರ, ಮತ್ತ ಬ್ಯಾಡ ಅಂದಬಿಡ್ತೀನಿ."