ಗುಬ್ಬಿಗೆ ಸುತ್ತಿದ ಒದ್ದೆ ಶೀಟು

ನನ್ನ ತಂಗಿಯ ಮಗಳನ್ನು ನಾವು ಗುಬ್ಬಿ ಎಂದೇ ಕರೆಯುವುದು. ತಂಗಿ ತೀರಿಕೊಂಡ ಮೇಲೆ ನನ್ನ ಮಡಿಲಿಗೆ ಬಂದವಳು. ಮದುವೆ ಬೇಡವೆಂದಳು, ನಾನೂ ಒತ್ತಾಯ ಮಾಡಲಿಲ್ಲ. ಈಗ ಅವಳ ತಲೆಯಲ್ಲೂ ಬಿಳಿ ಕೂದಲು ಇಣುಕುತ್ತಿವೆ. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಹೊರಗೆ ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಅದಕ್ಕೆ ಕಾರಣವಿತ್ತು. ಹಿಂದೆ ಕೆಲಸಕ್ಕಿದ್ದ ಒಂದು ಅಂಗಡಿಯಲ್ಲಿ ವಿಷಯ ತಿಳಿದಾಗ ಬಾಗಿಲಲ್ಲೇ ನಿಲ್ಲಿಸಿ, ನಾಳೆಯಿಂದ ಬರಬೇಡಮ್ಮ ಎಂದಿದ್ದರು. ಇನ್ನೊಂದು ಕಡೆ ಬಿಡಿಸಲಿಲ್ಲ, ಆದರೆ ಅವಳು ಕುಡಿದ ಲೋಟವನ್ನು ಬೇರೆ ಇಡತೊಡಗಿದರು. ಅವಳೇ ಬಿಟ್ಟು ಬಂದಳು.

ಆಮೇಲೆ ಸಿಕ್ಕಿದ್ದು ಲಾಂಡ್ರಿ ಕೆಲಸ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳನ್ನು ರಾಶಿರಾಶಿಯಾಗಿ ಒಗೆಯುವ ದೊಡ್ಡ ಶೆಡ್ಡು. ಒಗೆದ ಶೀಟಿನ ಎರಡು ತುದಿಗಳನ್ನು ಇಬ್ಬರು ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಅದು ಎಳೆದುಕೊಂಡು, ಇಸ್ತ್ರಿ ಮಾಡಿ, ಆ ಕಡೆ ಬಿಡುತ್ತದೆ. ಗುಬ್ಬಿಯನ್ನು ನಿಲ್ಲಿಸಿದ್ದು ಆ ಬಾಯಿಯ ಮುಂದೆಯೇ. ಅಲ್ಲಿ ಫಿಟ್ಸ್ ಬಂದರೆ?

"ಬೇರೆ ಕೆಲಸ ಕೇಳೇ," ಎಂದೆ.

"ಯಾಕೆ ಅಂತಾರೆ. ಏನ್ ಹೇಳ್ಲಿ?"

"ಬಿಸಿ ಆಗಲ್ಲ ಅನ್ನು."

"ಲಾಂಡ್ರಿಗೆ ಬಂದು ಬಿಸಿ ಆಗಲ್ಲ ಅಂದ್ರೆ, ಮೀನು ನಂಗೆ ನೀರು ಆಗಲ್ಲ ಅಂದಂಗಾಗುತ್ತೆ. ಸುಮ್ನಿರು ದೊಡ್ಡಮ್ಮ, ಮಾತ್ರೆ ತಗೋತಿದೀನಲ್ಲ."

ನನಗೆ ಸುಮ್ಮನಿರಲಾಗಲಿಲ್ಲ. ಯಜಮಾನರಿದ್ದಾಗ ಮನೆಯಲ್ಲೇ ಹೊಲಿಗೆ ಮಾಡಿಕೊಂಡಿದ್ದವಳು, ಅದೇ ಲಾಂಡ್ರಿಯಲ್ಲಿ ಹರಿದ ಶೀಟಿಗೆ ತೇಪೆ ಹಾಕಲು ಸೇರಿಕೊಂಡೆ. ಈ ವಯಸ್ಸಲ್ಲಿ ಯಾಕಮ್ಮ ಎಂದು ಸೂಪರ್‌ವೈಸರ್ ನಕ್ಕ. ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದೆ. ನನ್ನ ಹೊಲಿಗೆ ಯಂತ್ರದ ಮೂಲೆಯಿಂದ ರೋಲರ್ ನೇರವಾಗಿ ಕಾಣುತ್ತಿತ್ತು. ಗುಬ್ಬಿಯ ಕಣ್ಣು ಒಂದೇ ಕಡೆ ನೆಟ್ಟರೆ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಅವಳು ಆಕಳಿಸಿದರೂ ಎದ್ದು ನಿಲ್ಲುತ್ತಿದ್ದೆ. ತೇಪೆ ಸೊಟ್ಟಗಾಗಿ ಬೈಸಿಕೊಂಡದ್ದೂ ಉಂಟು.

ಅವಳ ಜೊತೆ ಶೀಟು ಹಿಡಿಯುತ್ತಿದ್ದವಳಿಗೆ ಎಲ್ಲರೂ ಮೈಕಮ್ಮ ಎನ್ನುತ್ತಿದ್ದರು. ರೋಲರಿನ ಸದ್ದನ್ನೂ ಮೀರಿಸುವ ಗಂಟಲು.

"ನಿಮ್ಮ ದೊಡ್ಡಮ್ಮ ಹೊಲಿಯೋಕೆ ಬಂದಿದಾರೋ, ನಿನ್ನ ಕಾಯೋಕೋ? ಯಾರ ಜೊತೆನಾದ್ರೂ ಓಡಿ ಹೋಗೋ ಅಂದಾಜು ಇದೆಯೇನೇ?" ಎಂದು ರೇಗಿಸುತ್ತಿದ್ದಳು. ಗುಬ್ಬಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಆ ದಿನ ನಾನು ಹರಿದ ಶೀಟುಗಳನ್ನು ತರಲು ಹಿಂದಿನ ಕೋಣೆಗೆ ಹೋಗಿದ್ದೆ. ಚೀರಾಟ ಕೇಳಿತು. ಆಮೇಲೆ ರೋಲರಿನ ಸದ್ದು ನಿಂತಿತು. ಹಗಲೆಲ್ಲ ನಿಲ್ಲದ ಸದ್ದು ಅದು. ಓಡಿ ಬಂದು ನೋಡಿದರೆ, ನೆಲದ ಮೇಲೆ ಒಂದು ಬಿಳಿ ಗಂಟು ಅದುರುತ್ತಿದೆ.

ಲಾಂಡ್ರಿಯಲ್ಲಿ ಯಾರಿಗೆ ಸುಟ್ಟರೂ ಮೊದಲು ಒದ್ದೆ ಶೀಟು ಸುತ್ತುವುದು ರೂಢಿ. ಗುಬ್ಬಿ ರೋಲರಿನ ಪಕ್ಕದಲ್ಲಿ ಬಿದ್ದು ಒದ್ದಾಡಿದ್ದನ್ನು ಕಂಡು ಸುಟ್ಟಿದೆ ಎಂದೇ ತಿಳಿದಿದ್ದರು. ತಲೆಯಿಂದ ಕಾಲಿನವರೆಗೆ ಸುತ್ತಿ, ನಾಲ್ವರು ಅದುಮಿ ಹಿಡಿದಿದ್ದರು. ತಲೆಯ ಕಡೆ ಮೈಕಮ್ಮ. ಮೂಗಿನ ಜಾಗದಲ್ಲಿ ಒದ್ದೆ ಬಟ್ಟೆ ಅಂಟಿಕೊಂಡು ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು.

"ಬಿಡ್ರೇ! ಬಿಡ್ರೇ ಅವಳನ್ನ!"

"ಬಿಟ್ರೆ ಬೊಬ್ಬೆ ಏಳುತ್ತೆ, ನೀವು ಸುಮ್ನಿರಿ!" ಎಂದು ಮೈಕಮ್ಮ ಇನ್ನೂ ಬಿಗಿ ಮಾಡಿದಳು.

ಫಿಟ್ಸ್ ಎಂದು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಹೇಳಿದರೆ ಅವಳ ಕೆಲಸ ಹೋಗುತ್ತದೆ. ಬಟ್ಟೆ ಮತ್ತೊಮ್ಮೆ ಒಳಕ್ಕೆ ಹೋಯಿತು. ಹೊರಕ್ಕೆ ಬರಲಿಲ್ಲ.

"ಸುಟ್ಟಿಲ್ಲ ಕಣೇ! ಅವಳಿಗೆ ಫಿಟ್ಸ್! ಉಸಿರು ಕಟ್ತಿದೆ, ತೆಗಿಯೇ ಅದನ್ನ!"

ಮೈಕಮ್ಮ ಕೆಂಡ ಮುಟ್ಟಿದವಳ ಹಾಗೆ ಕೈ ತೆಗೆದಳು. ನಾನು ಶೀಟು ಎಳೆದುಹಾಕಿದೆ. ತುಟಿ ನೀಲಿಯಾಗಿತ್ತು. ತಲೆಯ ಕೆಳಗೆ ಟವೆಲು ಇಟ್ಟು, ಕುತ್ತಿಗೆಯ ಗುಂಡಿ ಬಿಚ್ಚಿ, ಯಾರೂ ಹಿಡಿಯಬೇಡಿ ಎಂದೆ. ಒಬ್ಬಳು ಹಲ್ಲಿನ ನಡುವೆ ಇಡಲು ಚಮಚ ತಂದಳು. ಬಾಯಿಗೆ ಏನೂ ಹಾಕಬಾರದು ಎಂದು ಅವಳ ಕೈ ತಳ್ಳಿದೆ. ನಡುಕ ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿದೆ. ಬಾಯಿಯ ಜೊಲ್ಲು ಹೊರಗೆ ಹರಿಯಿತು, ಉಸಿರು ಸರಿಯಾಗಿ ಬಂತು.

ಎಚ್ಚರವಾದ ಮೇಲೆ ಗುಬ್ಬಿ ಸುತ್ತಲಿನ ಮುಖಗಳನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಹೇಳ್ಬಿಟ್ಯಾ?" ಎಂದಳು.

"ಮೊದ್ಲು ಡಾಕ್ಟರ ಹತ್ರ ಹೋಗ್ಬನ್ನಿ. ಕೆಲಸದ ವಿಷ್ಯ ಆಮೇಲೆ ನೋಡೋಣ," ಎಂದು ಸೂಪರ್‌ವೈಸರ್ ಎತ್ತಲೋ ನೋಡುತ್ತ ಹೇಳಿದ. ಆ 'ಆಮೇಲೆ' ಎಂದರೆ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು. ಡಾಕ್ಟರು ಮಾತ್ರೆ ಬದಲಿಸಿದರು, ರೋಲರಿನ ಹತ್ತಿರ ಹೋಗಲೇಬಾರದು ಎಂದರು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ ಗುಬ್ಬಿ ನನ್ನೊಡನೆ ಮಾತು ಬಿಟ್ಟಳು.

ಕೆಲವು ದಿನಗಳಾದ ಮೇಲೆ ಸಂಜೆ ಯಾರೋ ಬಾಗಿಲು ಬಡಿದರು. ಕೆಲಸ ಹೋಯಿತೆಂದು ಹೇಳಲು ಬಂದರು ಎಂದುಕೊಂಡೆ. ನೋಡಿದರೆ ಮೈಕಮ್ಮ, ಅವಳ ಹಿಂದೆ ಲಾಂಡ್ರಿಯ ಇನ್ನಿಬ್ಬರು. ಆ ದೊಡ್ಡ ಗಂಟಲು ಪಿಸುಗುಟ್ಟುತ್ತಿತ್ತು.

"ನನ್ನ ಕೈಯಲ್ಲೇ ಅವಳ ಉಸಿರು ಹೋಗ್ತಿತ್ತಲ್ಲ ದೊಡ್ಡಮ್ಮ. ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ. ಏನ್ ಮಾಡ್ಬೇಕು ಅಂತ ಹೇಳ್ಕೊಡಿ."

ಹೇಳಿದೆ. ಕೇಳಿದರೆ ಸಾಲದೆಂದು ಅವಳೇ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಮಿಕ್ಕ ಇಬ್ಬರು ಹೊರಳಿಸಲು ನೋಡಿದರು, ಆ ಮೈ ಅಲುಗಲಿಲ್ಲ.

"ನೂಕ್ರೇ, ಊಟ ಮಾಡಿಲ್ವಾ?"

"ನಮ್ಮ ಪಾಲಿಂದೂ ನೀನೇ ಮಾಡಿದೀಯಲ್ಲ!"

ಗುಬ್ಬಿ ಒಳಗಿನಿಂದ ಬಂದು ನಿಂತಿದ್ದಳು. ಬೈದು ಕಳಿಸುತ್ತಾಳೆಂದು ನಾನು ಹೆದರಿದೆ. ಅವಳು ಬಗ್ಗಿ, ಮೈಕಮ್ಮನ ಆಚೆ ಬದಿಯ ಮೊಣಕಾಲನ್ನು ಮಡಿಸಿ ತನ್ನತ್ತ ಎಳೆದಳು. ಆ ಮೈ ಪಕ್ಕಕ್ಕೆ ಹೊರಳಿತು.

"ಹಿಂಗೆ, ಕಾಲು ಮಡಿಸಿರ್ಬೇಕು. ಇಲ್ದಿದ್ರೆ ಮತ್ತೆ ಅಂಗಾತ ಬೀಳ್ತೀನಿ."

ತನ್ನ ಕಾಯಿಲೆಯ ಬಗ್ಗೆ ಅವಳು ಹೊರಗಿನವರ ಮುಂದೆ ಆಡಿದ ಮೊದಲ ಮಾತು ಅದು.

ಮರುದಿನ ಮೈಕಮ್ಮ ಸೂಪರ್‌ವೈಸರ್ ಮುಂದೆ ಹೋಗಿ ನಿಂತಳು. "ಅವಳನ್ನ ಶೀಟು ಮಡಿಸೋ ಮೇಜಿಗೆ ಹಾಕಿ, ನನ್ನೂ ಅಲ್ಲಿಗೇ ಹಾಕಿ. ಅವಳನ್ನ ನಾವು ನೋಡ್ಕೋತೀವಿ. ಆಗಲ್ವಾ? ಎಲ್ಲರ ಮುಂದೆ ಹೇಳಿ!" ಎಂದಳು. ಪೂರ್ತಿ ಗಂಟಲು ಬಿಟ್ಟಿದ್ದಳು, ಇಡೀ ಶೆಡ್ಡು ತಿರುಗಿ ನೋಡಿತು. "ಆಯ್ತು ತಾಯಿ, ನನ್ನ ಕಿವಿ ಉಳಿಸು," ಎಂದ ಅವನು.

ಫಿಟ್ಸ್ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿರಲಿಲ್ಲ. ಬಂತು. ಮೂಲೆಯಲ್ಲಿ ಹೊಲಿಯುತ್ತಿದ್ದ ನಾನು ಧಡಕ್ಕನೆ ಎದ್ದು ಓಡಿದೆ. ಮಡಿಸುವ ಮೇಜಿನ ಹತ್ತಿರ ಹೋಗುವಷ್ಟರಲ್ಲಿ ನಡುಕ ನಿಂತಿತ್ತು. ಗುಬ್ಬಿ ಒಂದು ಪಕ್ಕಕ್ಕೆ ಮಲಗಿದ್ದಳು, ತಲೆಯ ಕೆಳಗೆ ಟವೆಲು ಇತ್ತು, ಮೊಣಕಾಲು ಮಡಿಸಿತ್ತು.

"ಓಡ್ಬೇಡಿ ದೊಡ್ಡಮ್ಮ, ಬಿದ್ದೀರಿ. ಇವತ್ತಿಗೆ ಬಿದ್ದೋಳು ಒಬ್ಬಳೇ ಸಾಕು," ಎಂದಳು ಮೈಕಮ್ಮ.

ನಾನು ಪಕ್ಕದಲ್ಲಿ ಕುಳಿತೆ. ಮೈಕಮ್ಮನ ಕೈ ಗುಬ್ಬಿಯ ಬೆನ್ನಿನ ಮೇಲಿತ್ತು, ಅವಳ ಉಸಿರಿನೊಡನೆ ಏರಿಳಿಯುತ್ತಿತ್ತು. ಗುಬ್ಬಿ ಕಣ್ಣು ಬಿಡುವವರೆಗೂ ಅವಳು ಅದನ್ನು ಅಲ್ಲಿಂದ ತೆಗೆಯಲಿಲ್ಲ.