ಮಾದೇವಿಗೆ ಹಾಕಿದ ಹಾಜರಿ

ಮಾದೇವಿ ದಡಾರ ಎದ್ದು ಮನೆಯಲ್ಲಿ ಮಲಗಿದ್ದ ಒಂಬತ್ತು ದಿನವೂ, ಭಾನುವಾರವೊಂದು ಬಿಟ್ಟು, ನಾನು ಶಾಲೆಯಲ್ಲಿ ಅವಳಿಗೆ ಹಾಜರಿ ಹಾಕಿದೆ. ಹತ್ತನೆಯ ದಿನ ಅವಳು ಸತ್ತಳು. ಮೂರನೆಯ ತರಗತಿಯ ಹುಡುಗಿ. ನಾನು ಅವಳ ಮೇಷ್ಟ್ರು. ಇದು ನನ್ನ ಎರಡು ತಪ್ಪುಗಳಲ್ಲಿ ಚಿಕ್ಕದು. ದೊಡ್ಡದು, ಆಮೇಲೆ ಅವಳ ತಾಯಿ ಸಾಕಮ್ಮನಿಗೆ ನಾನು ಆಡಿದ ಮಾತು. ಆ ಮಾತು ಕೇಳಿದ ಯಾರಿಗೂ ಓದಲು ಬರುವುದಿಲ್ಲ — ಇದನ್ನು ಬರೆಯುವ ಧೈರ್ಯ ಬಂದದ್ದೂ ಬಹುಶಃ ಅದರಿಂದಲೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮೂಗೂರಿನಿಂದ ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ಇಬ್ಬರು ಮೇಷ್ಟ್ರುಗಳ ಶಾಲೆ, ನಾನು ಕಿರಿಯವನು. ಹದಿನೈದು ದಿನಕ್ಕೊಮ್ಮೆ ನರಸೀಪುರದ ಕಡೆಯಿಂದ ಆರೋಗ್ಯ ಇಲಾಖೆಯ ಪುಟ್ಟಸ್ವಾಮಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಸಿಡುಬು ತೊಲಗಿತ್ತು, ಆದರೂ ಜ್ವರ ಬಂದು ಮೈಮೇಲೆ ದದ್ದು ಎದ್ದ ಮಕ್ಕಳನ್ನು ಹುಡುಕುವ ಕೆಲಸ ನಿಂತಿರಲಿಲ್ಲ. ಹುಡುಕುವುದು ಸುಲಭವೇ? ದಡಾರವೋ ಇನ್ನೊಂದೋ, ದದ್ದು ಎದ್ದರೆ ‘ಅಮ್ಮ’ ಬಂದಳೆಂದೇ ಲೆಕ್ಕ. ಬಾಗಿಲಿಗೆ ಬೇವಿನ ಸೊಪ್ಪು. ಹೊರಗಿನವರು ಒಳಗೆ ಕಾಲಿಡಬಾರದು, ಔಷಧಿ ಕೂಡದು, ಅಮ್ಮ ಇಳಿಯುವ ತನಕ ಒಲೆಯ ಮೇಲೆ ಒಗ್ಗರಣೆ ಚಟಗುಟ್ಟಬಾರದು. ಅದಕ್ಕೇ ಪುಟ್ಟಸ್ವಾಮಿ ಮನೆಗಳಿಗಿಂತ ಮೊದಲು ಶಾಲೆಗೆ ಬರುತ್ತಿದ್ದ.

“ಮನೇಲಿ ಬಾಯ್ ಬುಡಕ್ಕಿಲ್ಲ ಸಾ. ನಿಮ್ ಪುಸ್ತಕ ನೋಡುದ್ರೆ ಗೊತ್ತಾಯ್ತದೆ. ಒಂದೇ ಕೇರಿ ಐಕ್ಳು ನಾಕ್ ಜನ ಒಟ್ಗೆ ಬರ್ನಿಲ್ಲ ಅಂದ್ರೆ ಸಾಕು, ಡಾಕ್ಟ್ರುನ್ನೇ ಕರ್ಕ ಬತ್ತೀನಿ” ಅನ್ನುತ್ತಿದ್ದ.

ನನ್ನ ಹಾಜರಿ ಪುಸ್ತಕವನ್ನು ಅಷ್ಟು ನಂಬಿದ ಮನುಷ್ಯ ಇನ್ನೊಬ್ಬನಿಲ್ಲ. ಪಾಪ.

ಆ ತಿಂಗಳ ಹಾಜರಿ ನೋಡಿಯೇ ಎರಡನೆಯ ಹುದ್ದೆ ಉಳಿಸುವುದೋ ಎತ್ತುವುದೋ ಎಂದು ಮೇಲಿನವರು ತೀರ್ಮಾನಿಸುವವರಿದ್ದರು. ಎತ್ತಿದರೆ ನನ್ನನ್ನು ಎಲ್ಲಿಗೋ ಎಸೆಯುತ್ತಾರೆ. ಮೂಗೂರಿನಲ್ಲಿ ಹೊಸದಾಗಿ ಸಂಸಾರ ಹೂಡಿದ್ದೆ — ಬೇಡ, ಸಂಸಾರವನ್ನು ಇಲ್ಲಿಗೆ ಎಳೆಯುವುದಿಲ್ಲ. ಹೆದರಿದ್ದೆ, ಅಷ್ಟೆ. ಮಾದೇವಿಯ ಕೇರಿಯ ಏಳು ಮಕ್ಕಳು ಒಬ್ಬರ ಹಿಂದೊಬ್ಬರು ಮಲಗಿದರು. ಏಳು ಮಕ್ಕಳಿಗೂ ಹಾಜರಿ ಹಾಕಿದೆ.

ಪುಟ್ಟಸ್ವಾಮಿ ಬಂದ ದಿನ ಮಾದೇವಿ ಮಲಗಿ ಐದನೆಯ ದಿನ. ಅವನು ಬಂದಾಗ ಆಟದ ಬಿಡುವು, ಮಕ್ಕಳು ಬಯಲಲ್ಲಿ ಚೆದುರಿದ್ದರು, ಹಾಗಾಗಿ ಅವನಿಗೆ ಎಣಿಸಲು ಆಗಲಿಲ್ಲ — ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಏರಿಯ ಮೇಲೆ ಅವನ ಸೈಕಲ್ ಕಂಡ ಮೇಲೆ ನಾನೇ ಗಂಟೆ ಹೊಡೆಸಿ ಮಕ್ಕಳನ್ನು ಹೊರಗೆ ಬಿಟ್ಟೆ. ಅವನು ಪುಸ್ತಕದ ಸಾಲುಗಳ ಮೇಲೆ ಬೆರಳಾಡಿಸಿ ನೋಡಿದ.

“ಏನೂ ಇಲ್ವಲ್ಲ ಸಾ. ಒಳ್ಳೇದಾಯ್ತು ಬುಡಿ” ಎಂದು ನೀರು ಕುಡಿದು ಹೋದ.

ಐದು ದಿನ ಕಳೆಯುವಷ್ಟರಲ್ಲಿ ಮಾದೇವಿಗೆ ಎದೆ ಕಟ್ಟಿ, ಉಸಿರು ಸಿಕ್ಕದೆ ಹೋಯಿತು. ಡಾಕ್ಟರು ಬಂದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಬರದ ಹಾಗೆ ಮಾಡಿದವನು ನಾನು ಎಂಬುದು ಗೊತ್ತು.

ಅವಳು ಸತ್ತ ಮೂರನೆಯ ದಿನ ಮಾತಾಡಿಸಲು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಸಾಕಮ್ಮನ ಅತ್ತೆ, ಗಂಡ, ಕೇರಿಯ ಹೆಂಗಸರು. ಪಕ್ಕದ ಊರಲ್ಲಿ ಮೇಷ್ಟ್ರೇ ಹೇಳಿಕಳಿಸಿ ಡಾಕ್ಟರನ್ನು ಕರೆಸಿದರಂತೆ ಎಂದು ಯಾರೋ ಅಂದರು. ಸಾಕಮ್ಮ ನನ್ನ ಮುಖವನ್ನೇ ನೋಡಿ ಕೇಳಿದಳು:

“ಮಿಕ್ಕಿದ್ ಐಕ್ಳೆಲ್ಲ ಎದ್ ಓಡಾಡ್ತಾವೆ. ನನ್ ಕೂಸ್ ಮಾತ್ರ ಯಾಕ್ ಓಯ್ತು ಸಾ?”

ನಾನು ಹೇಳಿದೆ — “ಮನೆಯಲ್ಲಿ ಒಗ್ಗರಣೆ ಹಾಕಿದ್ದೆಯಂತಲ್ಲ, ಸಾಕಮ್ಮ.”

ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆ ಕ್ಷಣಕ್ಕೆ ಹುಟ್ಟಿಸಿದ ಮಾತು. ಒಗ್ಗರಣೆಗೆ ದೇವಿ ಮುನಿಯುತ್ತಾಳೆಂದು ನಾನಂತೂ ನಂಬಿದವನಲ್ಲ. ಆದರೆ ನಾನು ಪೂಜೆಯ ಮನೆತನದವನು, ಮೇಲಾಗಿ ಮೇಷ್ಟ್ರು. ನನ್ನ ಬಾಯಿಂದ ಬಂದದ್ದು ಆ ಜಗಲಿಯಲ್ಲಿ ತೀರ್ಪೇ ಆಗಿಹೋಯಿತು. ಅತ್ತೆ ಎದೆ ಬಡಿದುಕೊಂಡಳು. ಗಂಡ ಎದ್ದು ಒಳಗೆ ಹೋದ. ಸಾಕಮ್ಮ ಬಾಯಿ ತೆರೆದಳು — ಏನೋ ಹೇಳಲು — ಹೇಳಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ದೀಪಾವಳಿಗೆ ಮೊದಲೇ ಅವಳನ್ನು ತವರಿಗೆ ಅಟ್ಟಿದರು. ಮಗುವನ್ನು ತಿಂದವಳು ಎಂದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ನನ್ನ ಹುದ್ದೆ ಉಳಿಯಿತು. ಆ ಊರಲ್ಲಿ ಆರು ವರ್ಷ ಗೌರವದಿಂದ ಬದುಕಿದೆ, ಯುಗಾದಿಗೆ ಅದೇ ಮನೆಯವರು ಕರೆದು ಬೆಲ್ಲ ಕೊಟ್ಟರೆ ಕೈಯೊಡ್ಡಿ ತಿಂದೆ. ಥೂ.

ಆಮೇಲೆ ನಂಜನಗೂಡು ತಾಲ್ಲೂಕಿಗೆ ವರ್ಗವಾಯಿತು, ಸುತ್ತೂರಿನ ಹತ್ತಿರದ ಹಳ್ಳಿಗೆ. ಅಲ್ಲಿಗೆ ಬಂದ ಎರಡನೆಯ ವರ್ಷ, ಎಳೆಮಕ್ಕಳಿಗೆ ದಡಾರದ ಸೂಜಿ ಹಾಕಲು ನಮ್ಮ ಶಾಲೆಯ ಪಡಸಾಲೆಯಲ್ಲೇ ಏರ್ಪಾಡಾಗಿತ್ತು. ತಮ್ಮನ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದವಳು ಸಾಕಮ್ಮ; ಅವಳ ತವರು ಅಲ್ಲೇ ಪಕ್ಕದ ಹಳ್ಳಿಯಂತೆ. ತಲೆ ಅರ್ಧ ಬೆಳ್ಳಗಾಗಿತ್ತು. ಸೂಜಿ ಹಾಕಿಸಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ — ಹಾಜರಿ, ಪುಟ್ಟಸ್ವಾಮಿ, ಗಂಟೆ, ನಾನು ಕಟ್ಟಿದ ಆ ಸುಳ್ಳು. ಬೈಯುತ್ತಾಳೆ, ಉಗಿಯುತ್ತಾಳೆ ಎಂದುಕೊಂಡಿದ್ದೆ. ಉಗಿದಿದ್ದರೆ ನನಗೆ ಹಗುರಾಗುತ್ತಿತ್ತು. ಅದಕ್ಕೇ ಹೇಳಿದೆನೋ ಏನೋ. ಅವಳು ಅಳುವ ಮಗುವನ್ನು ಭುಜದ ಮೇಲೆ ತಟ್ಟುತ್ತ ನಿಂತಳು.

“ಅವತ್ ಒಗ್ಗರಣೆ ಆಕ್ನಿಲ್ಲ ಅಂತ್ಲೇ ನಂಗೆ ಗ್ಯಾಪ್ಕ ಇದ್ದುದ್ದು, ಸಾ. ಓದ್ದೋರು ನೀವು ಏಳುದ್ರಲ್ಲ... ನಾನೇ ಮರ್ತು ಆಕ್ಬುಟ್ಟಿದ್ನೇನೋ ಅಂದ್ಕಂಡೆ. ಇಷ್ಟ್ ವರ್ಸ ಅಂಗೇ ಅಂದ್ಕಂಡಿದ್ದೆ.”

ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಅವಳೇ ಕೇಳಿದಳು:

“ಆ ಜಗ್ಲಿ ಮ್ಯಾಲೆ ಏಳುದ್ರಲ್ಲ, ಅಲ್ಲೇ ಒಂದ್ಸಲ ಇದ್ನೂ ಏಳ್ತೀರಾ ಸಾ?”

“ಹೇಳ್ತೀನಿ” ಅಂದೆ.

ಅದಾಗಿ ಎರಡು ವರ್ಷವಾಯಿತು. ನಂಜನಗೂಡಿನಿಂದ ನರಸೀಪುರಕ್ಕೆ ಬೆಳಗಿನಿಂದ ಸಂಜೆಯವರೆಗೂ ಬಸ್ಸುಗಳಿವೆ. ನಾನು ಇನ್ನೂ ಹೋಗಿಲ್ಲ.